ಅದಕ್ಕೆ ಎಷ್ಟು ಸ್ಟಾರ್ ಉಂಟು ಅಜ್ಜಿ?

ಪ್ರಶ್ನೆ: ಉಡುಪಿಯ ಹತ್ತಿರ ನಮ್ಮ ಮನೆ. ನಾನು, ಪತಿ ಇಬ್ಬರೂ ಉದ್ಯೋಗದಲ್ಲಿದ್ದೇವೆ. 11 ವರ್ಷದ ಮಗ, 7 ವರ್ಷದ ಮಗಳು ಮತ್ತು ಅತ್ತೆ ಜೊತೆಗಿದ್ದಾರೆ. ಏಪ್ರಿಲ್ ರಜೆಯಲ್ಲಿ ಮಕ್ಕಳು ಮೊಬೈಲು ಬಿಟ್ಟು ಏಳುವುದೇ ಇಲ್ಲವೆಂದು ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿ, ಒಂದು ಕೆಲಸಕ್ಕೆ ಒಂದು ಸ್ಟಾರ್, ಒಂದು ಸ್ಟಾರಿಗೆ 2 ರೂಪಾಯಿ ಎಂದು ಗೊತ್ತು ಮಾಡಿದೆ. ಮೊದಲ ತಿಂಗಳು ಇಬ್ಬರೂ ಪೈಪೋಟಿಯಿಂದ ಅಂಗಳ ಗುಡಿಸಿದರು, ಬಟ್ಟಲು ತೊಳೆದರು. ಈಗ ಮಗ ಲೆಕ್ಕವಿಲ್ಲದೆ ಕಡ್ಡಿಯನ್ನೂ ಎತ್ತುವುದಿಲ್ಲ. ಮೊನ್ನೆ ಮಳೆ ಬರುವಾಗ ಮೊಣಕಾಲು ನೋವಿನ ನನ್ನ ಅತ್ತೆ, ತಾರಸಿಯ ಮೇಲಿನ ಬಟ್ಟೆ ತಾ ಎಂದರೆ, ‘ಅದಕ್ಕೆ ಎಷ್ಟು ಸ್ಟಾರ್ ಉಂಟು ಅಜ್ಜಿ?’ ಎಂದು ಕೇಳಿದ. ಅವರು ಏನೂ ಹೇಳದೆ ತಾವೇ ಮೆಟ್ಟಿಲು ಹತ್ತಿದರು. ಪಟ್ಟಿಯನ್ನು ಹರಿದು ಎಸೆ, ನಾವೇನು ದುಡ್ಡು ತೆಗೆದುಕೊಂಡು ಕೆಲಸ ಮಾಡಿದ್ದೇವಾ ಎನ್ನುತ್ತಾರೆ ಪತಿ. ಮಗನ 46 ಸ್ಟಾರ್ ಬಾಕಿ ಇದೆ. ಏನು ಮಾಡಲಿ?

ಉತ್ತರ: ಮೊದಲಿಗೆ ನಿಮ್ಮ ಮಗನ ಪರವಾಗಿ ಒಂದು ಮಾತು ಹೇಳಬೇಕು. ಅವನು ದುರಾಸೆಯ ಹುಡುಗನಲ್ಲ. ಕೆಲಸವೆಂದರೆ ಅದಕ್ಕೊಂದು ದರವಿರುತ್ತದೆ ಎಂಬುದನ್ನು ಮೂರು ತಿಂಗಳಿನಿಂದ ಮನೆಯೇ ಅವನಿಗೆ ಕಲಿಸಿದೆ, ಅವನು ಅದನ್ನು ಚೆನ್ನಾಗಿ ಕಲಿತಿದ್ದಾನೆ. ಅಜ್ಜಿಯ ನೋವು ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ಆ ಕ್ಷಣದಲ್ಲಿ ಅವನ ಕಣ್ಣಿಗೂ ಬೀಳಲಿಲ್ಲ.

ನೀವು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಮಕ್ಕಳಿಗೆ ಯಾವ ರುಚಿಯೂ ಇಲ್ಲದ ಕೆಲಸವನ್ನು ಒಮ್ಮೆ ಶುರು ಮಾಡಿಸಲು ಸಣ್ಣ ಬಹುಮಾನ ನೆರವಾಗುತ್ತದೆ. ನಿಮ್ಮ ಮನೆಯಲ್ಲಿ ಅದು ಮೊದಲ ತಿಂಗಳು ನೆರವಾಗಿದೆ ಕೂಡ. ಆದರೆ ಮಕ್ಕಳು ತಾವಾಗಿ ಇಷ್ಟಪಟ್ಟು ಮಾಡುವುದಕ್ಕೆ ಬೆಲೆ ಕಟ್ಟಿದಾಗ ಆಗುವುದೇ ಬೇರೆ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳನ್ನು ಮನೋವಿಜ್ಞಾನಿಗಳು ಗಮನಿಸಿದ್ದರು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಆಮೇಲಿನ ದಿನಗಳಲ್ಲಿ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಹೇಳದೆ ಅಚ್ಚರಿಯಾಗಿ ಅದೇ ಪ್ರಶಸ್ತಿಪತ್ರ ಪಡೆದವರ ಉತ್ಸಾಹ ಹಾಗೆ ಕುಗ್ಗಲಿಲ್ಲ. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ದೊಡ್ಡವರ ಕೈಯಿಂದ ಜಾರಿ ಬಿದ್ದ ವಸ್ತುವನ್ನು ಎತ್ತಿಕೊಡುವ 20 ತಿಂಗಳ ಕೂಸುಗಳಲ್ಲಿ, ಪ್ರತಿಫಲವಾಗಿ ಆಟದ ವಸ್ತು ಪಡೆದವರು ಮುಂದೆ ಕಡಿಮೆ ಸಹಾಯ ಮಾಡಿದರೆ, ಬರೀ ಮೆಚ್ಚುಗೆಯ ಮಾತು ಕೇಳಿದವರು ಮತ್ತು ಏನೂ ಪಡೆಯದವರು ಮೊದಲಿನಂತೆಯೇ ಎತ್ತಿಕೊಡುತ್ತಿದ್ದರು. ಬಟ್ಟಲು ತೊಳೆಯುವುದಕ್ಕೆ ಸ್ಟಾರ್ ಕೊಟ್ಟಿದ್ದರಿಂದ ದೊಡ್ಡ ನಷ್ಟವೇನೂ ಆಗಿಲ್ಲ. ಅಜ್ಜಿಗೆ ಒದಗುವುದಕ್ಕೂ ಅದೇ ಪಟ್ಟಿಯ ಗಾಳಿ ಬೀಸಿತಲ್ಲ, ನಾವು ಸರಿಪಡಿಸಬೇಕಾದದ್ದು ಅದನ್ನು.

ನಿಮ್ಮ ಪತಿಯ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಪೂರ್ತಿಯಾಗಿಲ್ಲ. ಅವರ ಬಾಲ್ಯದಲ್ಲಿ ಬಾವಿಯಿಂದ ನೀರು ಸೇದದಿದ್ದರೆ ಸ್ನಾನವಿಲ್ಲ, ಮಳೆಗಾಲಕ್ಕೆ ಮೊದಲು ತೆಂಗಿನ ಮಡಲು, ಕಟ್ಟಿಗೆಗಳನ್ನು ಒಳಗೆ ಸೇರಿಸದಿದ್ದರೆ ಒಲೆ ಉರಿಯುವುದಿಲ್ಲ ಎಂಬುದು ಮಗುವಿಗೆ ಯಾರೂ ಹೇಳದೆಯೇ ಕಾಣುತ್ತಿತ್ತು; ಮೇಲಾಗಿ ಆ ಕೆಲಸವನ್ನು ಅದು ದೊಡ್ಡವರ ಪಕ್ಕದಲ್ಲಿ ನಿಂತು ಮಾಡುತ್ತಿತ್ತು. ಇಂದು ಪಂಪು ನೀರೆತ್ತುತ್ತದೆ, ಬಟ್ಟೆಯನ್ನು ಯಂತ್ರ ಒಗೆಯುತ್ತದೆ, ಉಳಿದದ್ದನ್ನು ಮಕ್ಕಳು ಮಲಗಿದ ಮೇಲೆ ನೀವು ಒಬ್ಬರೇ ಮುಗಿಸುತ್ತೀರಿ. ತನ್ನ ಕೈ ಸೇರದಿದ್ದರೆ ಮನೆಯಲ್ಲಿ ಏನು ನಿಂತುಹೋಗುತ್ತದೆ ಎಂಬುದು ಈ ಹುಡುಗನಿಗೆ ಎಲ್ಲಿಯೂ ಕಾಣಿಸಿಲ್ಲ. ಪಟ್ಟಿ ಹರಿದೊಡನೆ ಅದು ಕಾಣಿಸಲಾರದು. ಪತಿಯವರು ಸಂಜೆ ಹಿಡಿಸೂಡಿ ಹಿಡಿದು ಅಂಗಳಕ್ಕಿಳಿದು, ‘ಬಾ, ನೀನು ಆ ಕಡೆಯಿಂದ ಗುಡಿಸು’ ಎಂದು ಕರೆದರೆ ಕಂಡೀತು.

ಪಟ್ಟಿಯನ್ನು ಸಿಟ್ಟಿನಲ್ಲಿ ಹರಿಯಬೇಡಿ. ಬರುವ ಭಾನುವಾರ ಎಲ್ಲರೂ ಕುಳಿತು ಲೆಕ್ಕ ಮುಗಿಸಿ, 46 ಸ್ಟಾರಿನ 92 ರೂಪಾಯಿಯನ್ನು ಅವನ ಕೈಗೆ ಕೊಡಿ. ಅಜ್ಜಿಗೆ ಹಾಗೆ ಹೇಳಿದ್ದಕ್ಕೆ ದಂಡವೆಂದು ಒಂದು ಸ್ಟಾರನ್ನೂ ಕಳೆಯಬಾರದು. ದುಡಿದದ್ದನ್ನು ಕಿತ್ತುಕೊಂಡರೆ ಅವನು ಕಲಿಯುವುದು ದೊಡ್ಡವರ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಮಾತ್ರ. ಆ ಬಳಿಕ ಸ್ಪಷ್ಟವಾಗಿ ತಿಳಿಸಿ: ಉಂಡ ಬಟ್ಟಲು, ತನ್ನ ಹಾಸಿಗೆ, ಒಣಗಿದ ಬಟ್ಟೆ, ಅಂಗಳ, ಅಜ್ಜಿಗೆ ಬೇಕಾದ ನೆರವು, ಇವು ಮನೆಯವರೆಲ್ಲರ ಪಾಲಿನ ಕೆಲಸಗಳು, ಇವಕ್ಕೆ ಅಪ್ಪ ಅಮ್ಮನಿಗೂ ಸಂಬಳವಿಲ್ಲ, ಮಕ್ಕಳಿಗೂ ಇಲ್ಲ. ಯಾವುದನ್ನು ಯಾರು ಮಾಡುವುದೆಂದು ಮಕ್ಕಳೇ ಆರಿಸಿಕೊಳ್ಳಲಿ, ಬೇಸರ ಬಂದರೆ ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳಲಿ.

ಸಂಪಾದಿಸುವ ದಾರಿಯನ್ನು ಪೂರ್ತಿ ಮುಚ್ಚಬೇಕಾಗಿಲ್ಲ. ಮಳೆಗೆ ಮೆಟ್ಟಿಲಿನಲ್ಲಿ ಕಟ್ಟಿದ ಪಾಚಿಯನ್ನು ಉಜ್ಜಿ ತೆಗೆಯುವುದು, ಸ್ಕೂಟರ್ ತೊಳೆಯುವುದು, ಅಟ್ಟದ ಜೇಡರಬಲೆ ತೆಗೆಯುವುದು ಮುಂತಾದ, ನೀವು ಬೇರೆಯವರಿಂದ ಹಣ ಕೊಟ್ಟು ಮಾಡಿಸಬಹುದಾದ ಹೆಚ್ಚಿನ ಕೆಲಸಗಳಿಗೆ ಮೊದಲೇ ದರ ಹೇಳಿ ಹಣ ಕೊಡಬಹುದು. ಬೇಡವೆನ್ನುವ ಸ್ವಾತಂತ್ರ್ಯವೂ ಅವನಿಗಿರಲಿ. ಕೈಖರ್ಚಿಗೆ ಕೊಡುವುದನ್ನು ಇದರೊಡನೆ ಬೆರೆಸಬೇಡಿ. ಎಲ್ಲರೂ ಸೇರಿ ಮನೆ ತೊಳೆದ ದಿನ, ಮುಂಚೆ ಹೇಳದೆ, ಮಕ್ಕಳನ್ನು ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಲು ಕರೆದೊಯ್ದರೆ ಅದು ಕೂಲಿಯಾಗುವುದಿಲ್ಲ, ಸಂತೋಷವಾಗುತ್ತದೆ.

ಮಗಳು ಇನ್ನೂ ಚಿಕ್ಕವಳು, ಸ್ಟಾರ್ ಅಂಟಿಸುವುದೇ ಅವಳಿಗೆ ಖುಷಿ. ಹಣವಿಲ್ಲದ ಬರೀ ಸ್ಟಾರನ್ನು ಕೆಲವು ವಾರ ಮುಂದುವರಿಸಿ, ಕೆಲಸಕ್ಕೊಂದು ಇದ್ದದ್ದನ್ನು ದಿನಕ್ಕೊಂದಕ್ಕೆ, ಆಮೇಲೆ ವಾರಕ್ಕೊಂದಕ್ಕೆ ಇಳಿಸಿ, ಮೆಲ್ಲನೆ ನಿಲ್ಲಿಸಿ. ಒಂದು ಎಚ್ಚರ ಬೇಕು: ಅಣ್ಣ ಹಟ ಹಿಡಿದನೆಂದು ಬಟ್ಟಲು, ಅಡುಗೆಮನೆ ಅವಳ ಪಾಲಿಗೆ ಜಾರಿಹೋಗುವುದು ಬೇಡ. ನಮ್ಮ ಮನೆಗಳಲ್ಲಿ ಅದು ಯಾರಿಗೂ ತಿಳಿಯದಂತೆ ಆಗಿಬಿಡುತ್ತದೆ.

ಇನ್ನು ಅಜ್ಜಿ ಮತ್ತು ಮೊಮ್ಮಗ. ಅವನಿಂದ ಬಲವಂತದ ಕ್ಷಮೆ ಕೇಳಿಸಬೇಡಿ. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವ ದಿನ ಅವನನ್ನು ಅತ್ತೆಯವರ ಬಳಿ ಕೂರಿಸಿ. ಕೆಸುವಿನ ಎಲೆಯ ದಪ್ಪ ನಾರು ತೆಗೆಯುವುದು, ಬಾಯಿ ತುರಿಸದಂತೆ ಹಿಟ್ಟಿಗೆ ಹುಳಿ ಸೇರಿಸುವುದು, ಎಲೆಯ ಮೇಲೆ ಎಲೆಯಿಟ್ಟು ಹಿಟ್ಟು ಸವರಿ ಸುತ್ತುವುದು, ಇವೆಲ್ಲವೂ ಅವರ ಕೈಗೆ ಗೊತ್ತು. ಅವನು ಸುತ್ತಿದ ಸುರುಳಿ ಸಡಿಲವಾಗಿದ್ದರೂ ಅವನ ಹಿಂದಿನಿಂದ ಬಿಚ್ಚಿ ಸರಿಮಾಡದೆ ಹಾಗೆಯೇ ಬೇಯಲಿ. ‘ಜಾಣ’ ಎಂದು ಹೊಗಳುವುದಕ್ಕಿಂತ, ‘ನೀನು ಇದ್ದದ್ದರಿಂದ ಅಜ್ಜಿಗೆ ಬಗ್ಗಿ ಏಳುವುದು ತಪ್ಪಿತು’ ಎಂದರೆ, ತನ್ನ ಕೆಲಸ ಯಾರಿಗೆ ಮುಟ್ಟಿತೆಂದು ಅವನಿಗೆ ತಿಳಿಯುತ್ತದೆ. ಅತ್ತೆಯವರ ಬಳಿಯೂ ನೀವೇ ಹೋಗಿ, ಆ ದಿನದ ಪ್ರಶ್ನೆಯನ್ನು ಅವನಿಗೆ ಕಲಿಸಿದ್ದು ನನ್ನ ಪಟ್ಟಿ ಎಂದು ಹೇಳಿಬಿಡಿ. ಅವರ ಮನಸ್ಸು ಹಗುರಾಗುತ್ತದೆ.

ಹಣ ನಿಂತ ಮೊದಲ ಎರಡು ಮೂರು ವಾರ ಮಗ ಖಂಡಿತ ಮುನಿಸಿಕೊಳ್ಳುತ್ತಾನೆ, ತನ್ನ ಪಾಲಿನ ಕೆಲಸ ಬಿಟ್ಟು ನಿಮ್ಮನ್ನು ಪರೀಕ್ಷಿಸುತ್ತಾನೆ. ಬೈಯಬೇಡಿ, ಮತ್ತೆ ದರವನ್ನೂ ಹೇಳಬೇಡಿ. ಅವನು ತರದ ಬಟ್ಟೆ ಒದ್ದೆಯಾಗಲಿ, ಮರುದಿನ ಸಮವಸ್ತ್ರ ತೇವವಾಗಿದ್ದರೆ ಇಸ್ತ್ರಿಪೆಟ್ಟಿಗೆ ಹಿಡಿದು ನಿಮ್ಮೊಡನೆ ಅವನೂ ಒಣಗಿಸಲಿ. ಆ ದಿನಗಳಲ್ಲಿ ಮೋಡ ಕವಿದೊಡನೆ ಅತ್ತೆಯವರು ಮತ್ತೆ ಮೆಟ್ಟಿಲು ಹತ್ತದಂತೆ ಮಾತ್ರ ನೋಡಿಕೊಳ್ಳಿ.