ನಮ್ಮ ಪೇಟೆ ಬೀದಿ ಸುಧಾರಿಸೋಣ ಅಂದರೆ ಅಂಗಡಿಯವರು ಸಭೆಗೇ ಬರಲ್ಲ, ಏನು ಮಾಡಲಿ?

ಓದಿ ನಗು ಬಂತು, ಸಂಕಟವೂ ಆಯ್ತು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಓಣಿಯೊಂದರಲ್ಲಿ ನಮ್ಮದು ಸೀರೆ ಅಂಗಡಿ. ಗಿರಾಕಿಗಳೆಲ್ಲ ಮಾಲ್ ಕಡೆ ಹೊರಟರಲ್ಲ ಅಂತ ನಾನೂ ಒಂದು ಸಭೆ ಕರೆದಿದ್ದೆ. 60 ಅಂಗಡಿಗೆ ಚೀಟಿ ಹಂಚಿದೆ. ಬಂದವರು 14 ಜನ.

ಸಭೆ ಇಟ್ಟಿದ್ದು ಸಂಜೆ 6ಕ್ಕೆ. ತಪ್ಪೇ ಅದು. ನನ್ನ ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದಾರೆ, ಗಲ್ಲಾಕ್ಕೆ ತಮ್ಮ ಕೂರ್ತಾನೆ. ನಾನು ಎದ್ದು ಹೋದರೂ ವ್ಯಾಪಾರ ನಿಲ್ಲಲ್ಲ. ಪಿಕೋ-ಫಾಲ್ ಮಾಡುವ ಅಕ್ಕಾರು, ಬಳೆ ಅಂಗಡಿಯವರು ಒಬ್ಬೊಬ್ಬರೇ ಇರ್ತಾರೆ. ಅವರ ದಿನದ ದುಡಿಮೆ ಆಗೋದೇ 6ರಿಂದ 8ರೊಳಗೆ. ಹಾಗಾಗಿ ಬಂದ 14 ಜನರೂ ನನ್ನಂಥವರೇ. ಆವತ್ತು ಅದು ಹೊಳೆಯಲೇ ಇಲ್ಲ. ‘ಎಲ್ಲರೂ ಒಪ್ಪಿದರು’ ಅಂತ ಬರೆದುಕೊಂಡು, ಸಂಜೆ ಗಾಡಿ ಬರದಂತೆ ಓಣಿಯ ಎರಡೂ ತುದಿಗೆ ಹಗ್ಗ ಕಟ್ಟಿದೆವು. ಸೀರೆ ಕೊಳ್ಳುವವರು ಒಂದು ತಾಸು ಕೂರ್ತಾರೆ, ಗಾಡಿ ದೂರ ನಿಲ್ಲಿಸಿ ಬರ್ತಾರೆ. ಪಿಕೋಗೆ ಕೊಡುವವರು ಸ್ಕೂಟಿಯಿಂದ ಇಳಿಯೋದೇ ಇಲ್ಲ, ಚೀಲ ಕೊಟ್ಟು ಹೊರಡ್ತಾರೆ. ಹಗ್ಗ ಕಂಡು ಅವರು ಬೇರೆ ಓಣಿ ಹಿಡಿದರು.

ಒಂಬತ್ತನೇ ದಿನ ಹಗ್ಗ ಮಾಯ. ಕೇಳಲು ಹೋದೆ. ಅಕ್ಕಾರು ಮಷೀನ್ ನಿಲ್ಲಿಸದೇ ಅಂದರು: “ಆರಕ್ಕ ಮೀಟಿಂಗ್ ಇಟ್ಟೀರಿ. ನಾನು ಶಟರ್ ಎಳದು ಬರಬೇಕಿತ್ತೇನ್ರಿ?”

ಅದಕ್ಕೇ ಹೇಳ್ತೀನಿ, ಸಭೆಯ ಆಸೆ ಬಿಡಿ. ಅವರು ಬರಲ್ಲ ಅನ್ನೋ ದೂರೇ ಸರಿಯಿಲ್ಲ, ನೀವು ಹೋಗಬೇಕು. ಮಧ್ಯಾಹ್ನ 2ರಿಂದ 4, ನೊಣ ಹೊಡೆಯುವ ಹೊತ್ತು. ಒಬ್ಬೊಬ್ಬರ ಕಟ್ಟೆ ಮೇಲೆ ಕೂತು ಚಾ ಕುಡೀರಿ. ಗಿರಾಕಿ ಹೇಗೆ ಬರ್ತಾರೆ, ಎಷ್ಟು ಹೊತ್ತು ನಿಲ್ತಾರೆ ಕೇಳಿ. ಮಾಲು ಇಳಿಸುವ ಹಮಾಲರನ್ನೂ ಕೇಳಿ. ಬಣ್ಣದ ದೀಪ, ಸೆಲ್ಫಿ ಪಾಯಿಂಟ್ ಎಲ್ಲ ಆಮೇಲೆ.

ಹೂವು, ಸೊಪ್ಪು ಮಾರುವವರನ್ನು ಎಬ್ಬಿಸೋಣ ಅಂತ ಯಾರಾದರೂ ಅಂದೇ ಅಂತಾರೆ. ನಮ್ಮಲ್ಲೂ ಅಂದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿನ ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಮ್ಮ ಸಭೆಯಲ್ಲಿ ಅವರ ಲೆಕ್ಕ ಸೊನ್ನೆ. ನಾನು ಚೀಟಿಯನ್ನೇ ಕೊಟ್ಟಿರಲಿಲ್ಲ.

ಈಗ ಹಗ್ಗ ಕಟ್ಟೋದು ಭಾನುವಾರ ಮಾತ್ರ. ಅವತ್ತು ಪಿಕೋ ಅಕ್ಕಾರಿಗೆ ರಜೆ.