ಅಮ್ಮನ ಇಂಪ್ಲಾಂಟ್ ಕ್ಯಾಪ್ ಮೂರನೇ ಸಲ ಕಳಚಿ ಬಂತು. ಗಟ್ಟಿ ಅಂಟು ಹಾಕಿಸಿದರೆ ಸರಿಹೋಗುತ್ತಾ?

ಡೊಂಬಿವಲಿಯಲ್ಲಿರುವ ನಿಮ್ಮ ಅಮ್ಮನಿಗೆ ಕೆಳಗಿನ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿದ್ದೀರಿ. ಎರಡು ವರ್ಷದಲ್ಲಿ ಮೂರು ಸಲ ಕ್ಯಾಪ್ ಕಳಚಿ ಕೈಗೆ ಬಂದಿದೆ. ಪ್ರತಿ ಸಲವೂ ಡಾಕ್ಟರು ಮತ್ತೆ ಅಂಟಿಸಿ ಕಳಿಸಿದ್ದಾರೆ. ಇನ್ನೊಮ್ಮೆ ಬೀಳದ ಹಾಗೆ ಒಳ್ಳೆ ಗಟ್ಟಿ ಅಂಟು ಯಾಕೆ ಹಾಕಬಾರದು ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ದಾದರ್‌ನ ಒಂದು ಡೆಂಟಲ್ ಲ್ಯಾಬ್‌ನಲ್ಲಿ ಹದಿನಾರು ವರ್ಷದಿಂದ ಕ್ಯಾಪ್ ಮಾಡುತ್ತಿದ್ದೇನೆ, ಊರು ಗದಗ. ಬಿದ್ದ ಕ್ಯಾಪುಗಳು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೋಕಲ್ ಟ್ರೇನ್ ಹತ್ತಿ ವಾಪಸ್ ನಮ್ಮ ಮೇಜಿಗೇ ಬರುತ್ತವೆ. ಅವನ್ನು ನೋಡಿ ನೋಡಿ ಕಲಿತಿದ್ದನ್ನು ಹೇಳುತ್ತೇನೆ.

ಮೊದಲು ಆ ಕ್ಯಾಪನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಇಂಪ್ಲಾಂಟ್ ಅಂದರೆ ಮೂಳೆಯೊಳಗೆ ಕೂತಿರುವ ಟೈಟಾನಿಯಂ ತಿರುಪು. ಅದರ ಮೇಲೆ ಒಸಡಿನಿಂದ ಹೊರಗೆ ಬರುವ ಗೂಟವೇ ಅಬಟ್‌ಮೆಂಟ್. ಈ ಗೂಟವನ್ನು ಇನ್ನೊಂದು ಪುಟ್ಟ ಸ್ಕ್ರೂ ಇಂಪ್ಲಾಂಟಿಗೆ ಹಿಡಿದಿಟ್ಟಿರುತ್ತದೆ. ಗೂಟದ ಮೇಲೆ ಕ್ಯಾಪ್ ಟೋಪಿಯಂತೆ ಕೂರುತ್ತದೆ. ನಿಮ್ಮ ಕೈಯಲ್ಲಿರುವ ಕ್ಯಾಪಿನ ಒಳಗೆ ಬರೀ ಗುಳಿ ಇದ್ದು, ಗೋಡೆಗೆ ಸಿಮೆಂಟ್, ಅಂದರೆ ಡಾಕ್ಟರು ಹಾಕಿದ ಅಂಟು, ಮೆತ್ತಿಕೊಂಡಿದ್ದರೆ ಬಿಟ್ಟಿರುವುದು ಅಂಟು. ಒಳಗಿಂದ ಲೋಹದ ಗೂಟವೂ ಜೊತೆಗೇ ಬಂದಿದ್ದರೆ ಅಂಟಿನದೇನೂ ತಪ್ಪಿಲ್ಲ. ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಮುರಿದಿದೆ. ಸಡಿಲವಾದ ಸ್ಕ್ರೂವನ್ನು ಸುಮ್ನೆ ಕೈಯಲ್ಲಿ ತಿರುಗಿಸಿದರೆ ಸಾಲದು. ಟಾರ್ಕ್ ರೆಂಚ್‌ನಿಂದ ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಬೇಕು, ಹೆಚ್ಚಿನವಕ್ಕೆ ಅದು 25ರಿಂದ 35 ನ್ಯೂಟನ್ ಸೆಂಟಿಮೀಟರ್. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಿಗಿ ಮಾಡುವುದು ಒಳ್ಳೆಯ ರೂಢಿ.

ನೀವು ಬರೆದಿರುವುದನ್ನು ನೋಡಿದರೆ ಅಮ್ಮನದು ಅಂಟು ಬಿಟ್ಟಿರುವ ಕೇಸ್ ಅನ್ನಿಸುತ್ತದೆ. ಇಲ್ಲಿ ಎಲ್ಲರೂ ಅಂಟನ್ನೇ ಬೈಯುತ್ತಾರೆ. ನಾನು ಮೊದಲು ನೋಡುವುದು ಗೂಟದ ಎತ್ತರ. ಮನೆಯಲ್ಲಿ ಸ್ಟೀಲ್ ಲೋಟಗಳು ಒಂದರೊಳಗೊಂದು ಸಿಕ್ಕಿಕೊಂಡರೆ ಬಿಡಿಸೋಕೆ ಎಷ್ಟು ಕಷ್ಟ ಅಲ್ವಾ? ಅಲ್ಲಿ ಅಂಟೇ ಇರುವುದಿಲ್ಲ. ಅದೇ ತಟ್ಟೆಯ ಮೇಲೆ ತಟ್ಟೆ ಇಟ್ಟರೆ ಎರಡು ಬೆರಳಲ್ಲಿ ಎತ್ತಬಹುದು. ಗೂಟ ಎತ್ತರವಾಗಿದ್ದು, ಗೋಡೆ ಹೆಚ್ಚು ಓರೆಯಾಗದೆ ನೆಟ್ಟಗಿದ್ದರೆ ಕ್ಯಾಪ್ ಲೋಟದ ಹಾಗೆ ಹಿಡಿಯುತ್ತದೆ. ಗೋಡೆಯ ಓರೆ ಸುಮಾರು 6 ಡಿಗ್ರಿ ಇದ್ದರೆ ಚೆನ್ನ. ಎತ್ತರ 4 ಮಿಲಿಮೀಟರಿಗಿಂತ ಕಡಿಮೆಯಾದರೆ ನನಗೆ ಚಿಂತೆ ಶುರುವಾಗುತ್ತದೆ. ದವಡೆ ಹಲ್ಲಿನ ಕ್ಯಾಪ್ ಅಗಲ ಬೇರೆ. ಅಂಚಿನಲ್ಲಿ ಕಚ್ಚಿದಾಗಲೆಲ್ಲ ಅದು ಒಂದು ಕಡೆಗೆ ವಾಲಲು ನೋಡುತ್ತದೆ.

ಗೂಟ ಗಿಡ್ಡ ಯಾಕಾಗುತ್ತೆ? ಹಲ್ಲು ಕೀಳಿಸಿ ಎಷ್ಟೋ ವರ್ಷ ಹಾಗೇ ಬಿಟ್ಟಿದ್ದರೆ, ಎದುರಿಗಿರುವ ಮೇಲಿನ ಹಲ್ಲು ನಿಧಾನಕ್ಕೆ ಖಾಲಿ ಜಾಗಕ್ಕೆ ಇಳಿಯುತ್ತದೆ. ಆಮೇಲೆ ಗೂಟಕ್ಕೂ ಕ್ಯಾಪಿಗೂ ಸೇರಿ ಜಾಗವೇ ಇರುವುದಿಲ್ಲ. ಅಮ್ಮನ ಹಲ್ಲು ಎಷ್ಟು ವರ್ಷ ಇರಲಿಲ್ಲ ಅಂತ ಕೇಳಿ ನೋಡಿ.

ಈಗ ಗಟ್ಟಿ ಅಂಟಿನ ವಿಷಯ. ಲವಂಗದ ವಾಸನೆ ಬರುವ ಜಿಂಕ್ ಆಕ್ಸೈಡ್ ಯುಜೆನಾಲ್ ಮೆದುವಾದದ್ದು, ತಾತ್ಕಾಲಿಕ. ಜಿಂಕ್ ಫಾಸ್ಫೇಟ್, ಗ್ಲಾಸ್ ಅಯೊನೋಮರ್ ನಡುವಿನವು. ರೆಸಿನ್ ಸಿಮೆಂಟ್ ಎಲ್ಲಕ್ಕಿಂತ ಗಟ್ಟಿ. ಕೆಲವು ಡಾಕ್ಟರುಗಳು ಬೇಕೆಂದೇ ಮೆದುವಾದದ್ದನ್ನು ಹಾಕುತ್ತಾರೆ. ಒಳಗಿನ ಸ್ಕ್ರೂ ನಾಳೆ ಸಡಿಲವಾದರೆ ಕ್ಯಾಪ್ ತೆಗೆಯಬೇಕಲ್ಲ. ರೆಸಿನ್ ಹಾಕಿದ್ದರೆ ಹಲವು ಸಲ ಕ್ಯಾಪನ್ನು ಕೊರೆದು ಹಾಳು ಮಾಡಿಯೇ ತೆಗೆಯಬೇಕಾಗುತ್ತದೆ. ಗೂಟ ಲೋಹದ್ದು, ಹುಳುಕು ಹಿಡಿಯುವ ಭಯವಿಲ್ಲ, ಹಾಗಾಗಿ ಮೆದು ಅಂಟಿನಿಂದ ಅಂಥ ನಷ್ಟವೂ ಇಲ್ಲ.

ಇದಕ್ಕಿಂತ ದೊಡ್ಡ ಭಯ ಒಸಡಿನೊಳಗೆ ಜಾರುವ ಸಿಮೆಂಟ್. ನಮ್ಮ ಸ್ವಂತ ಹಲ್ಲಿಗೆ ಒಸಡಿನ ನಾರು ಬಿಗಿಯಾಗಿ ನೆಟ್ಟಿರುತ್ತದೆ. ಇಂಪ್ಲಾಂಟಿನ ಸುತ್ತ ಹಾಗಿಲ್ಲ. ಒತ್ತಿದಾಗ ಉಕ್ಕಿದ ಸಿಮೆಂಟ್ ಆಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಅಮೆರಿಕದ ಥಾಮಸ್ ವಿಲ್ಸನ್ ಎಂಬ ಒಸಡಿನ ತಜ್ಞರು, ಸಿಮೆಂಟಿನಿಂದ ಕ್ಯಾಪ್ ಕೂರಿಸಿದ, ಸುತ್ತಲಿನ ಒಸಡು ಕೆಟ್ಟಿದ್ದ ಇಂಪ್ಲಾಂಟುಗಳ ಬದಿಗೆ ಪುಟ್ಟ ಎಂಡೋಸ್ಕೋಪ್ ಇಳಿಸಿ ನೋಡಿ 2009ರಲ್ಲಿ ವರದಿ ಮಾಡಿದರು. ನೂರಕ್ಕೆ 81ರಲ್ಲಿ ಉಳಿದುಹೋದ ಸಿಮೆಂಟ್ ಸಿಕ್ಕಿತ್ತು. ಅದನ್ನು ತೆಗೆದ ಮೇಲೆ ನೂರಕ್ಕೆ 74ರಲ್ಲಿ ಕಾಯಿಲೆಯ ಲಕ್ಷಣ ಹೋಯಿತು. ಕ್ಯಾಪ್ ಬಿದ್ದರೆ ಮತ್ತೆ ಕೂರಿಸಬಹುದು. ಸುತ್ತಲಿನ ಮೂಳೆ ಕರಗಿದರೆ ಇಂಪ್ಲಾಂಟೇ ಹೋಗಬಹುದು. ಮೂರು ಸಲ ಅಂಟಿಸಿದ್ದಾರೆ ಅಂದರೆ ಮೂರು ಸಲವೂ ಉಳಿಕೆ ತೆಗೆದಿದ್ದಾರಾ ಅಂತ ಎಕ್ಸ್-ರೇ ತೆಗೆಸಿ ಕೇಳಿ. ಆದರೆ ಎಲ್ಲ ಸಿಮೆಂಟೂ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಆ ಜಾಗದಲ್ಲಿ ರಕ್ತ, ಕೀವು ಕಂಡರೆ ಡಾಕ್ಟರಿಗೆ ತಪ್ಪದೇ ಹೇಳಿ.

ಗೂಟ ಗಿಡ್ಡ ಇದ್ದಾಗ ನನ್ನ ಮನಸ್ಸು ಒಪ್ಪುವ ದಾರಿ ಬೇರೆ: ಸ್ಕ್ರೂನಿಂದ ಕೂರಿಸುವ ಕ್ಯಾಪ್. ಇಂಪ್ಲಾಂಟಿನ ಮೇಲೆ ಕೂರುವ ಪುಟ್ಟ ಟೈಟಾನಿಯಂ ಬೇಸ್‌ಗೆ ಝಿರ್ಕೋನಿಯಾ (ಬಿಳಿಯ ಗಟ್ಟಿ ಸೆರಾಮಿಕ್) ಕ್ಯಾಪನ್ನು ನಾವು ಲ್ಯಾಬ್‌ನಲ್ಲೇ ಅಂಟಿಸಿ ಕೊಡುತ್ತೇವೆ. ಉಕ್ಕಿದ ಸಿಮೆಂಟನ್ನು ಬಾಯಿಯ ಹೊರಗೇ ಒರೆಸಿ, ಪಾಲಿಶ್ ಮಾಡುತ್ತೇವೆ. ಡಾಕ್ಟರು ಕ್ಯಾಪಿನ ಮೇಲಿನ ತೂತಿನಿಂದ ಸ್ಕ್ರೂ ಬಿಗಿದು, ಟೆಫ್ಲಾನ್ ಟೇಪ್ ತುಂಬಿ, ಮೇಲೆ ಫಿಲ್ಲಿಂಗ್ ಮುಚ್ಚುತ್ತಾರೆ. ಬೇಕಾದಾಗ ತೆಗೆಯಬಹುದು. ಇಂಪ್ಲಾಂಟಿನ ಓರೆ ಸರಿಯಿರಬೇಕು ಅಷ್ಟೇ.

ಇಲ್ಲಿಯೂ ಅಂಟು ಬಿಡುವುದುಂಟು, ನನ್ನ ಕೈಯಿಂದಲೇ ಆಗಿದೆ. ಕೆಲಸಕ್ಕೆ ಸೇರಿದ ಹೊಸತು. ಬಾಯಲ್ಲಿ ಹಾಕಿ ನೋಡಿ ಕಳಿಸಿದ ಕ್ಯಾಪನ್ನು ನೀರಲ್ಲಿ ತೊಳೆದು, ಒಣಗಿಸಿ ಅಂಟಿಸಿದೆ. ಕೆಲವೇ ವಾರದಲ್ಲಿ ಬಿಟ್ಟುಬಂತು. ಸಿಮೆಂಟೆಲ್ಲ ಟೈಟಾನಿಯಂ ಮೇಲೇ ಇತ್ತು, ಕ್ಯಾಪಿನ ಒಳಗೆ ಕನ್ನಡಿಯಂತೆ ಖಾಲಿ. ಎಂಜಲಿನಲ್ಲಿರುವ ಫಾಸ್ಫೇಟ್ ಝಿರ್ಕೋನಿಯಾಕ್ಕೆ ಹಿಡಿದುಕೊಳ್ಳುತ್ತದೆ, ನೀರಿಗೆ ಹೋಗುವುದಿಲ್ಲ ಅಂತ ಆಗ ಹಿರಿಯರೊಬ್ಬರು ತೋರಿಸಿಕೊಟ್ಟರು. ಆ ಜಾಗ ಹಿಡಿದುಬಿಟ್ಟರೆ ಸಿಮೆಂಟಿಗೆ ಮೊದಲು ಹಚ್ಚುವ, ಎಂಡಿಪಿ ಎಂಬ ಅಂಟು ಹಿಡಿಸುವ ರಾಸಾಯನಿಕ ಇರುವ ಪ್ರೈಮರ್‌ಗೆ ಹಿಡಿಯಲು ಜಾಗವೇ ಸಿಗುವುದಿಲ್ಲ. ಈಗ ಪ್ರತಿ ಸಲ 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಹೊಡೆಯುತ್ತೇನೆ. ಹೊಳಪು ಹೋಗಿ ಒಳಮೈ ಮಂಕಾಗಬೇಕು. ಆಮೇಲೆ ಬೆರಳು ತಾಗಿಸುವುದಿಲ್ಲ. ಪ್ರೈಮರ್ ಹಚ್ಚಿ, ಸಿಮೆಂಟ್ ಹಾಕಿ, ಗಟ್ಟಿಯಾಗುವ ತನಕ ಒತ್ತಿ ಹಿಡಿಯುತ್ತೇನೆ. ಆ ಹೊತ್ತು ಫೋನ್ ಎತ್ತುವುದಿಲ್ಲ.

ಕಚ್ಚುವುದನ್ನೂ ಪರೀಕ್ಷೆ ಮಾಡಿಸಿ. ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತನೆಯ ಪದರ ಇದೆ, ಕಚ್ಚಿದಾಗ ಸ್ವಲ್ಪ ಕೆಳಗೆ ಒತ್ತುತ್ತದೆ. ಇಂಪ್ಲಾಂಟಿಗೆ ಅದಿಲ್ಲ, ಹಾಗಾಗಿ ಕ್ಯಾಪ್ ಕೂದಲೆಳೆಯಷ್ಟು ಎತ್ತರವಿದ್ದರೂ ಭಾರವೆಲ್ಲ ಅದರ ಮೇಲೇ. ಅಮ್ಮ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರಾ? ಹಾಗಿದ್ದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಬೇಕೇ ಬೇಕು. ಲೋಣಾವಳ ಚಿಕ್ಕಿಯಂಥ ಅಂಟುವ ತಿಂಡಿ ಕ್ಯಾಪನ್ನು ನೇರ ಮೇಲಕ್ಕೆ ಎಳೆಯುತ್ತದೆ. ಸದ್ಯಕ್ಕೆ ಆ ಕಡೆ ಅಗಿಯದಿರಲಿ.

ದಯವಿಟ್ಟು ಫೆವಿಕ್ವಿಕ್ ಹಾಕಬೇಡಿ. ಊಟಕ್ಕೆ ಅಂತ ಹಾಗೇ ಸಿಕ್ಕಿಸಿಕೊಳ್ಳುವುದೂ ಬೇಡ, ನಿದ್ದೆಯಲ್ಲಿ ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಅಪಾಯ. ಕ್ಯಾಪನ್ನು ಡಬ್ಬಿಯಲ್ಲಿಡಿ, ಒಳಗಿನ ಸಿಮೆಂಟ್ ಕೆರೆಯಬೇಡಿ, ಅದು ಎಲ್ಲಿ ಬಿಟ್ಟಿದೆ ಅನ್ನುವುದೇ ನಮಗೆ ಸುಳಿವು. ತಡವನ್ನೂ ಮಾಡಬೇಡಿ, ಒಸಡು ಗೂಟದ ಅಂಚಿನ ಮೇಲೆ ಬೇಗ ಏರಿಬಿಡುತ್ತದೆ. ಹೋಗುವಾಗ ಇಂಪ್ಲಾಂಟಿನ ಕಂಪನಿ, ಅಳತೆ ಬರೆದ ಕಾರ್ಡ್ ಜೊತೆಗಿರಲಿ. ಕಾರ್ಡ್ ಕೊಟ್ಟಿಲ್ಲದಿದ್ದರೆ ಈಗಲೇ ಕೇಳಿ ಪಡೆಯಿರಿ. ಒಂದು ಕಂಪನಿಯ ಸ್ಕ್ರೂ, ಗೂಟ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ.