‘ನೋಡೋಣ’ ಎಂದ ರಜೆಗಳ ಲೆಕ್ಕ

ವಸಂತನರಸಾಪುರದ ನಿಮ್ಮ ಪ್ಯಾಕೇಜಿಂಗ್ ಘಟಕದ 26 ಜನರು ತೆಗೆದುಕೊಳ್ಳದೆ ಉಳಿಸಿರುವ ಗಳಿಕೆ ರಜೆಯನ್ನು ಡಿಸೆಂಬರ್ ಕೊನೆಗೆ ರದ್ದು ಮಾಡುವುದು ಲಾಭವೋ, ಹಣ ಕೊಟ್ಟು ಮುಗಿಸುವುದು ಲಾಭವೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು 2012ರಲ್ಲಿ ನನ್ನ ಲೆಕ್ಕಪರಿಶೋಧಕರಿಗೆ ಕೇಳಿದ್ದೆ. ಅವರು ಹೇಳಿದ್ದನ್ನು ಅರ್ಧಕ್ಕೇ ನಿಲ್ಲಿಸಿ, ನನಗೆ ಬೇಕಾದ ಉತ್ತರವನ್ನು ನಾನೇ ಕೊಟ್ಟುಕೊಂಡಿದ್ದೆ.

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಯಂತ್ರಭಾಗಗಳ ಕಾರ್ಖಾನೆ ಇತ್ತು. ಈಗಲೂ ಇದೆ, ಆದರೆ ಆಗಿನಷ್ಟು ದೊಡ್ಡದಲ್ಲ. ವಾಹನಗಳಿಗೆ ಬೇಕಾಗುವ ಬುಷ್, ಪಿನ್, ಸಣ್ಣ ಶಾಫ್ಟ್‌ಗಳನ್ನು ಮಾಡಿಕೊಡುತ್ತಿದ್ದೆವು. ಆಗ ಒಟ್ಟು 34 ಜನರಿದ್ದರು. ಹೆಚ್ಚಿನವರು ಕುಣಿಗಲ್, ಮಾಗಡಿ, ನೆಲಮಂಗಲ ಕಡೆಯ ಹಳ್ಳಿಗಳವರು, ಅರ್ಧ ಎಕರೆ, ಒಂದು ಎಕರೆ ಜಮೀನು ಉಳಿಸಿಕೊಂಡವರು. ಅವರಿಗೆ ರಜೆ ಬೇಕಾಗುತ್ತಿದ್ದುದು ಮುಖ್ಯವಾಗಿ ಎರಡು ಕಾಲದಲ್ಲಿ: ರಾಗಿ ಕೊಯ್ಲಿನ ವೇಳೆಗೆ, ಮತ್ತು ಯುಗಾದಿಯ ಆಸುಪಾಸಿನಲ್ಲಿ ಊರಹಬ್ಬ, ಜಾತ್ರೆಗಳು ಬರುವಾಗ. ದುರದೃಷ್ಟವಶಾತ್ ನನ್ನ ಗ್ರಾಹಕರು ತಮ್ಮ ವರ್ಷಾಂತ್ಯದ ಲೆಕ್ಕಕ್ಕಾಗಿ ಸರಕನ್ನು ಕೇಳುತ್ತಿದ್ದುದೂ ಮಾರ್ಚ್ ತಿಂಗಳಲ್ಲೇ. ಹಾಗಾಗಿ ಪ್ರತಿ ವರ್ಷ ಫೆಬ್ರುವರಿ ಕೊನೆಯಿಂದ ನನ್ನ ಮೇಜಿನ ಮೇಲೆ ರಜೆ ಚೀಟಿಗಳು ಬಂದು ಬೀಳುತ್ತಿದ್ದವು, ನಾನು ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದೆ: “ನೋಡೋಣ.”

ನನ್ನ ತಪ್ಪು ಇದೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ನೋಡೋಣ’ ಎಂಬುದು ಹೌದೂ ಅಲ್ಲ, ಇಲ್ಲವೂ ಅಲ್ಲ. ಕೇಳಿದವನು ಬಾಗಿಲಲ್ಲಿ ಒಂದು ನಿಮಿಷ ನಿಂತು ಹೊರಟುಹೋಗುತ್ತಾನೆ, ಹೇಳಿದವನಿಗೆ ತಾನು ಯಾರಿಗೂ ಇಲ್ಲವೆಂದಿಲ್ಲ ಎಂಬ ಸಮಾಧಾನ ಉಳಿಯುತ್ತದೆ. ನಾನು ಎಂಟು ವರ್ಷಗಳಲ್ಲಿ ಒಬ್ಬನ ರಜೆಯನ್ನೂ ನಿರಾಕರಿಸಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಆಗ ನಮಗೆ ಅನ್ವಯಿಸುತ್ತಿದ್ದುದು 1948ರ ಕಾರ್ಖಾನೆಗಳ ಕಾಯ್ದೆ. ಅದರ 79ನೇ ಕಲಮಿನಲ್ಲಿ ನಾನು ಓದಿಕೊಂಡಿದ್ದು ಮೂರು ಸಂಗತಿಗಳನ್ನು ಮಾತ್ರ: ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ವೇತನಸಹಿತ ರಜೆ, ಬಳಸದೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು, ಹಾಗೆ ಒಯ್ಯುವುದಕ್ಕೆ 30 ದಿನದ ಮಿತಿ. ಮೂರನೆಯದು ನನಗೆ ಬಹಳ ಇಷ್ಟವಾಯಿತು. ಮೂವತ್ತು ದಾಟಿದ್ದೆಲ್ಲ ಡಿಸೆಂಬರ್ 31ರ ರಾತ್ರಿ ತಾನಾಗಿಯೇ ಬಿದ್ದುಹೋಗುತ್ತದೆ, ನನ್ನ ಕೈಯಿಂದ ಬಿಡಿಗಾಸೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕಪರಿಶೋಧಕರು “ಆ ಮಿತಿಯ ಕೆಳಗೆ ಇನ್ನೊಂದು ಸಾಲಿದೆ” ಎಂದು ಶುರುಮಾಡಿದಾಗ ನನಗೆ ಫೋನ್ ಬಂತು, ನಾನು ಎದ್ದುಹೋದೆ.

ಆ ಇನ್ನೊಂದು ಸಾಲು ಏನೆಂದು ತಿಳಿದದ್ದು 2019ರಲ್ಲಿ. ನಮ್ಮಲ್ಲಿ ಒಬ್ಬರು ಸೆಟ್ಟರ್ ಇದ್ದರು. ಕಂಪ್ಯೂಟರ್ ನಿಯಂತ್ರಣದ ಸಿಎನ್‌ಸಿ ಯಂತ್ರಕ್ಕೆ ಟೂಲ್ ಕೂರಿಸಿ, ಆಫ್‌ಸೆಟ್ ಹೊಂದಿಸಿ, ಮೊದಲ ತುಂಡನ್ನು ಅಳತೆಗೆ ತಂದುಕೊಡುವ ಕೆಲಸ ಅವರದು. ದೊಡ್ಡ ಯಂತ್ರವನ್ನು ಹೊಂದಿಸಲು ಅವರನ್ನು ಬಿಟ್ಟರೆ ಬೇರೆ ಯಾರಿಗೂ ಬರುತ್ತಿರಲಿಲ್ಲ, ಆ ಕಾರಣಕ್ಕೇ ಎಲ್ಲರಿಗಿಂತ ಹೆಚ್ಚು ‘ನೋಡೋಣ’ಗಳು ಅವರ ಪಾಲಿಗೆ ಬಂದಿದ್ದವು. ಆ ವರ್ಷ ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ನಾಲ್ಕು ದಿನ ಕೇಳಿದರು. ಜನವರಿಯಲ್ಲಿ ನೋಡೋಣ ಎಂದೆ, ಫೆಬ್ರುವರಿಯಲ್ಲೂ ಎಂದೆ. ಮಾರ್ಚ್ ಮೂರನೇ ವಾರ ಅವರು ರಾಜೀನಾಮೆ ತಂದುಕೊಟ್ಟು, “ಈ ಸಲ ನೀವು ನೋಡುವುದು ಬೇಡ ಸಾರ್, ನಾನೇ ನೋಡಿಕೊಳ್ಳುತ್ತೇನೆ” ಎಂದು ಹೋದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೆಚ್ಚು ಎಚ್ಚರ ವಹಿಸುತ್ತಿದ್ದೆನೇನೋ.

ನಾನು 30 ದಿನದ ರಜೆಯ ಹಣವನ್ನು ಲೆಕ್ಕ ಹಾಕಿ, ಅದನ್ನೂ ಎರಡು ತಿಂಗಳು ತಡವಾಗಿ ಕಳುಹಿಸಿದೆ. ಕೆಲಸ ಬಿಟ್ಟವನಿಗೆ ರಜೆಯ ವೇತನವನ್ನು ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕೆಂದು ಅದೇ 79ನೇ ಕಲಮು ಹೇಳುತ್ತಿತ್ತು ಎಂಬುದನ್ನೂ ನಾನು ಆಮೇಲೆಯೇ ಓದಿದ್ದು. ಅವರು ಅಧಿಕಾರಿಗೆ ದೂರು ಕೊಟ್ಟರು. ವಿಚಾರಣೆಯ ದಿನ ಕಂಕುಳಲ್ಲಿ ಒಂದು ಕಟ್ಟು ಇಟ್ಟುಕೊಂಡು ಬಂದಿದ್ದರು. ಬಿಚ್ಚಿದರೆ ಎಂಟು ವರ್ಷದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ಗಳು. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಆ ಚೌಕಗಳಲ್ಲಿ ಅವರು ರಜೆ ಕೇಳಿದ ದಿನಗಳನ್ನು ಬರೆದಿದ್ದರು: ಯಾವ ದಿನ ಕೇಳಿದ್ದು, ಯಾವ ದಿನಕ್ಕೆ ಬೇಕಾಗಿತ್ತು, ಪಕ್ಕದಲ್ಲಿ ಒಂದು ‘ನೋ’. ಅದು ಇಂಗ್ಲಿಷಿನ ನೋ ಎಂದು ನನ್ನ ಸಲಹೆಗಾರರು ವಾದಿಸಲು ಹೊರಟರು. ಅದು ‘ನೋಡೋಣ’ದ ಮೊದಲ ಅಕ್ಷರ ಎಂದು ಸೆಟ್ಟರ್ ತಿದ್ದಿದರು.

ಕ್ಯಾಲೆಂಡರ್ ಮಾತ್ರವೇ ಆಗಿದ್ದರೆ ನಾನು ಬಚಾವಾಗುತ್ತಿದ್ದೆ. ಯಾರೋ ತಮ್ಮ ಮನೆಯ ಗೋಡೆಯ ಮೇಲೆ ಬರೆದುಕೊಂಡದ್ದು ಅರ್ಜಿ ಆಗುವುದಿಲ್ಲ, ಕಾಯ್ದೆಯ ಪ್ರಕಾರ ಅರ್ಜಿ ಲಿಖಿತವಾಗಿ, 15 ದಿನ ಮುಂಚಿತವಾಗಿ ಬಂದಿರಬೇಕು ಎಂದು ನಾವು ಹೇಳಿದೆವು. ಆಗ ಅವರು ನಮ್ಮದೇ ಕಾರ್ಖಾನೆಯ ಗೇಟ್ ಪಾಸ್ ಪುಸ್ತಕಗಳನ್ನು ತರಿಸಿ ನೋಡಬೇಕೆಂದು ಕೇಳಿಕೊಂಡರು. ರಜೆ ಅರ್ಜಿಗೆ ನಾನು ಯಾವ ನಮೂನೆಯನ್ನೂ ಮಾಡಿಸಿರಲಿಲ್ಲವಾದ್ದರಿಂದ ಹುಡುಗರೆಲ್ಲ ಗೇಟಿನ ಹತ್ತಿರ ಇಟ್ಟಿದ್ದ ಆ ಪುಸ್ತಕದ ಹಾಳೆಯಲ್ಲೇ ಬರೆದು ಹರಿದುಕೊಡುತ್ತಿದ್ದರು. ಮೇಲಿನ ಹಾಳೆಯನ್ನು ನಾನು ಕಸದ ಬುಟ್ಟಿಗೆ ಹಾಕಿದ್ದೆ. ಕಾರ್ಬನ್ ಪ್ರತಿ ಪುಸ್ತಕದಲ್ಲಿ ಉಳಿದಿತ್ತು, ಪುಸ್ತಕಗಳು ನನ್ನದೇ ಬೀರುವಿನಲ್ಲಿ ವರ್ಷವಾರು ಜೋಡಿಸಿದ್ದವು. ಅವರ ಒಬ್ಬರದೇ 19 ಅರ್ಜಿಗಳು, 63 ದಿನಗಳು. ಒಂದರ ಮೇಲೂ ನನ್ನ ಉತ್ತರವಿಲ್ಲ.

ಅಧಿಕಾರಿ ಆ ಕೆಳಗಿನ ಸಾಲನ್ನು ಓದಿ ಹೇಳಿದರು. ರಜೆ ಕೇಳಿಯೂ ದೊರೆಯದವನು ಆ ನಿರಾಕೃತ ರಜೆಯನ್ನು ಯಾವ ಮಿತಿಯೂ ಇಲ್ಲದೆ ಮುಂದಕ್ಕೆ ಒಯ್ಯಬಹುದು. ಮೂವತ್ತು ದಿನದ ಗೋಡೆ ಇರುವುದು ಕೇಳದೆ ಸುಮ್ಮನೆ ಉಳಿಸಿಕೊಂಡವನಿಗೆ. ನಾನು ‘ಇಲ್ಲ’ ಎಂದು ಹೇಳೇ ಇಲ್ಲವಲ್ಲ ಎಂದೆ. ನಿಯಮದಂತೆ ಬಂದ ಅರ್ಜಿಯನ್ನು ನಿರಾಕರಿಸಲು ಮಾಲೀಕನಿಗೆ ಇರುವುದು ಒಂದೇ ದಾರಿ: ಕೆಲಸ ನಿಲ್ಲದಂತೆ ರಜೆಯನ್ನು ಹಂಚುವ ಒಂದು ಲಿಖಿತ ಯೋಜನೆಯನ್ನು ಕಾರ್ಮಿಕರ ಪ್ರತಿನಿಧಿಗಳ ಒಪ್ಪಿಗೆಯೊಂದಿಗೆ ಮಾಡಿ, ಇಲಾಖೆಗೆ ಸಲ್ಲಿಸಿ, ಕಾರ್ಖಾನೆಯಲ್ಲಿ ತೂಗುಹಾಕಿರಬೇಕು. ನನ್ನ ಬಳಿ ಅಂಥ ಯೋಜನೆ ಇರಲಿಲ್ಲ. ಯೋಜನೆ ಇಲ್ಲದವನ ‘ನೋಡೋಣ’ಕ್ಕೆ, ಕೇಳಿದ ದಿನ ಕಳೆದುಹೋದ ಮೇಲೆ, ನಿರಾಕರಣೆ ಎಂಬ ಒಂದೇ ಅರ್ಥ ಉಳಿಯುತ್ತದೆ. ಅಂದರೆ ನನ್ನ ಬಾಯಿಂದ ಇಲ್ಲವೆಂಬ ಮಾತು ಬಾರದಿದ್ದುದು ನನ್ನನ್ನು ಕಾಪಾಡಲಿಲ್ಲ. ಬದಲಿಗೆ ಹೌದೆಂದು ಕೊಟ್ಟುಬಿಟ್ಟಿದ್ದರೆ ಅಲ್ಲಲ್ಲೇ ಮುಗಿಯುತ್ತಿದ್ದ ನಾಲ್ಕು ದಿನ, ಐದು ದಿನಗಳು ಎಂಟು ವರ್ಷ ಕೂಡಿಕೊಂಡು, 2011ರ ಕೂಲಿಯಲ್ಲಿ ಗಳಿಸಿದ್ದು 2019ರ ಕೂಲಿಯ ದರದಲ್ಲಿ ನನ್ನ ಮುಂದೆ ಬಂದು ನಿಂತವು.

ಲೆಕ್ಕ ಹೀಗಿತ್ತು. ವರ್ಷಕ್ಕೆ 15ರಂತೆ ಎಂಟು ವರ್ಷಕ್ಕೆ 120 ದಿನ; ತೆಗೆದುಕೊಂಡದ್ದು 31; ನಾನು ಕೊಟ್ಟದ್ದು 30; ಉಳಿದದ್ದು 59. ದಿನಕ್ಕೆ 800 ರೂಪಾಯಿಯಂತೆ 47,200. ಒಬ್ಬರದೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಆ ಕಾರ್ಬನ್ ಪುಸ್ತಕಗಳಲ್ಲಿ ಎಲ್ಲರ ಅರ್ಜಿಗಳೂ ಇದ್ದವು, ಸುದ್ದಿ ಒಂದೇ ದಿನದಲ್ಲಿ ಶೆಡ್ಡಿಗೆ ಮುಟ್ಟಿತು. ಒಟ್ಟು 12 ಜನರ 486 ದಿನಗಳಿಗೆ ಸುಮಾರು 3 ಲಕ್ಷ 60 ಸಾವಿರ ರೂಪಾಯಿ ಕೊಟ್ಟು ರಾಜಿ ಮಾಡಿಕೊಂಡೆ. ರಜೆಯ ನಡುವೆ ಬಂದ ಭಾನುವಾರಗಳನ್ನೂ ನಾನು ರಜೆಯೆಂದೇ ಕಳೆದಿದ್ದೆ. ಅದೂ ತಪ್ಪೆಂದು ತಿಳಿದು ಅವನ್ನೂ ಸೇರಿಸಬೇಕಾಯಿತು. ಹಣಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಬೇರೆ: ಸೆಟ್ಟರ್ ಹೋದ ಮೇಲೆ ದೊಡ್ಡ ಯಂತ್ರ ಹತ್ತೊಂಬತ್ತು ದಿನ ನಿಂತಿತು. ನಾಲ್ಕು ದಿನ ಕೊಡಲಾರದವನು ಹತ್ತೊಂಬತ್ತು ದಿನ ಕೊಟ್ಟೆ.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಅರ್ಧ, ಹಣ ಕೊಟ್ಟು ರಜೆಯನ್ನು ಕೊಂಡುಬಿಡುವುದು. ಅದನ್ನೂ ನಾನು ಬೇರೆ ವೇಷದಲ್ಲಿ ಮಾಡಿ ನೋಡಿದ್ದೇನೆ. 2014ರಿಂದ, ಮೂರು ತಿಂಗಳು ಒಂದು ದಿನವೂ ತಪ್ಪಿಸದವರಿಗೆ 3,000 ರೂಪಾಯಿ ಹಾಜರಿ ಬಹುಮಾನ ಇಟ್ಟೆ, ಉದಾರಿ ಎನಿಸಿಕೊಂಡೆ. ಬಹುಮಾನದ ಆಸೆಗೆ ಒಬ್ಬ ಹುಡುಗ ಕಾಮಾಲೆ ಇಟ್ಟುಕೊಂಡು ಹನ್ನೊಂದು ದಿನ ಕೆಲಸಕ್ಕೆ ಬಂದ. ರಾತ್ರಿ ಪಾಳಿಯಲ್ಲಿ ಅವನು ಮಾಡಿದ 1,800 ಬುಷ್‌ಗಳು ಗುಜರಿಗೆ ಹೋದವು, ಅವನು ಆಸ್ಪತ್ರೆಗೆ ಹೋದ. ಅವನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇತ್ತು. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವವನು ಕಾಯಿಲೆ ಬಿದ್ದರೆ ಅಲ್ಲಿಂದ ಶೇಕಡ 70ರಷ್ಟು ವೇತನ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ, ಅದಕ್ಕೆಂದೇ ಮಾಲೀಕ, ಕಾರ್ಮಿಕ ಇಬ್ಬರೂ ತಿಂಗಳು ತಿಂಗಳು ವಂತಿಗೆ ಕಟ್ಟುತ್ತೇವೆ. ಕಾಯಿಲೆಯವನನ್ನು ಮನೆಗೆ ಕಳುಹಿಸುವುದು ನನಗೆ ಬಹುತೇಕ ಪುಕ್ಕಟೆ ಇತ್ತು. ಅವನನ್ನು ಯಂತ್ರದ ಮುಂದೆ ನಿಲ್ಲಿಸಿಕೊಳ್ಳಲು ನಾನು ದುಡ್ಡು ಕೊಟ್ಟೆ.

ಈ ಕಥೆ ಕೇಳಿ ನನ್ನ ತಂದೆ ಒಂದೇ ಮಾತು ಕೇಳಿದರು: “ಸೋಮವಾರ ಎತ್ತಿಗೆ ನೊಗ ಇಡ್ತೀವೇನೋ ನಾವು?” ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎಷ್ಟೇ ಹದ ತಪ್ಪಿದರೂ ಆ ದಿನ ನೇಗಿಲು ಕಟ್ಟುವುದಿಲ್ಲ. ಆ ಸೋಮವಾರಗಳನ್ನು ಒಟ್ಟುಗೂಡಿಸಿ ಸಂಕ್ರಾಂತಿಗೆ ಎತ್ತಿಗೆ ಎರಡು ಮೂಟೆ ಹಿಂಡಿ ಹೆಚ್ಚಿಗೆ ಹಾಕುತ್ತೇನೆ ಎಂದು ಯಾವ ರೈತನೂ ಲೆಕ್ಕ ಹಾಕುವುದಿಲ್ಲ.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ಯಾವುದು ಲಾಭ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಮೊದಲನೆಯದು ಈಗ ಆಯ್ಕೆಯಾಗಿ ಉಳಿದೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ 240 ದಿನದ ಅರ್ಹತೆ 180ಕ್ಕೆ ಇಳಿದಿದೆ. ಮೂವತ್ತನ್ನು ಮೀರಿದ ರಜೆ ಬಿದ್ದುಹೋಗುವುದಿಲ್ಲ, ಕಾರ್ಮಿಕ ಅದನ್ನು ನಗದಾಗಿ ಪಡೆಯಬಹುದು. ನಿರಾಕರಿಸಿದ ರಜೆಗೆ ಮಿತಿಯಿಲ್ಲ ಎಂಬ ನನ್ನ ಆ ಹಳೆಯ ಸಾಲು ಅಲ್ಲಿಯೂ ಇದೆ. ಎರಡನೆಯದನ್ನು, ಅಂದರೆ ನಗದೀಕರಣವನ್ನು, ಅವರು ಕೇಳಿದಾಗ ಕೊಡಿ. ನೀವಾಗಿ ಆಸೆ ತೋರಿಸಬೇಡಿ. ಸರ್ಕಾರಿ ನೌಕರರು 300 ದಿನ ಕೂಡಿಸಿಟ್ಟು ನಿವೃತ್ತಿಯ ದಿನ ನಗದು ಪಡೆಯುವುದಿಲ್ಲವೇ ಎಂದು ನಿಮ್ಮ ಮೇಸ್ತ್ರಿ ಕೇಳಬಹುದು. ಅವರ ಹಿಂದೆ ಖಜಾನೆ ಇದೆ, ನಿಮ್ಮ ಹಿಂದೆ ಇರುವುದು ಬ್ಯಾಂಕಿನ ಓವರ್‌ಡ್ರಾಫ್ಟ್.

ನೀವು ಕೇಳಬೇಕಾಗಿದ್ದುದು, 26 ಜನರಲ್ಲಿ ಯಾರು ರಜೆ ತೆಗೆದುಕೊಳ್ಳುತ್ತಿಲ್ಲ, ಏಕೆ ಎಂದು. ರಜೆ ಉಳಿದಿರುವವನ ಹೆಸರಿನ ಹಿಂದೆ ಹೆಚ್ಚಾಗಿ ಅವನೊಬ್ಬನಿಗೇ ಬರುವ ಒಂದು ಕೆಲಸ ಇರುತ್ತದೆ. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಅವರ ಕಾರಣ ಮೋಸ ಹಿಡಿಯುವುದು. ನನ್ನ ಕಾರಣ ಅದಲ್ಲ, ಆದರೆ ಉಪಾಯ ಅದೇ. ಈಗ ನನ್ನಲ್ಲಿ 14 ಜನರಿದ್ದಾರೆ. ಜನವರಿ ಮೊದಲ ವಾರ ಎಲ್ಲರೂ ಕುಳಿತು ಹಬ್ಬ, ಕೊಯ್ಲು, ಮದುವೆಗಳನ್ನು ಹೇಳಿ ರಜೆಪಟ್ಟಿ ಬರೆಯುತ್ತೇವೆ, ಪ್ರತಿಯೊಬ್ಬರೂ ಒಮ್ಮೆಯಾದರೂ ಒಟ್ಟಿಗೆ ಏಳು ದಿನ ಹೋಗಲೇಬೇಕು, ಆ ಏಳು ದಿನ ಅವರ ಯಂತ್ರವನ್ನು ಇನ್ನೊಬ್ಬರು ನಡೆಸಬೇಕು. ಪಟ್ಟಿಯ ಹೊರಗೆ ಬಂದ ಅರ್ಜಿಗೆ ಮೂರು ದಿನದೊಳಗೆ ಬರೆದೇ ಉತ್ತರ ಕೊಡುತ್ತೇನೆ: ಹೌದು, ಅಥವಾ ಇಲ್ಲ ಮತ್ತು ಬದಲಿಗೆ ಈ ದಿನ. ಮೊದಲ ವರ್ಷ ಮಾರ್ಚ್ ತಿಂಗಳಲ್ಲಿ ಹೆಣಗಾಡಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಗ್ರಾಹಕರೊಬ್ಬರು ಒಂದು ಆರ್ಡರ್ ಹಿಂತೆಗೆದುಕೊಂಡರು.

ಲೆಕ್ಕದ ಒಂದು ಮಾತು ಉಳಿಯಿತು. ಉಳಿದ ರಜೆಯ ಮೊತ್ತವನ್ನು ಪ್ರತಿ ವರ್ಷ ಹೊಣೆಯಾಗಿ ಪುಸ್ತಕದಲ್ಲಿ ತೋರಿಸಿ ಎಂದು ನಿಮ್ಮ ಲೆಕ್ಕಪರಿಶೋಧಕರು ಹೇಳಿದರೆ ಫೋನ್ ಎತ್ತಿಕೊಳ್ಳಬೇಡಿ. ಬರೆದಿಟ್ಟ ಮಾತ್ರಕ್ಕೆ ತೆರಿಗೆಯಲ್ಲಿ ಕಡಿತ ಸಿಗುತ್ತದೆಂದೂ ಎಣಿಸಬೇಡಿ. ನಿಜವಾಗಿ ಪಾವತಿ ಮಾಡಿದ ವರ್ಷವೇ ಕಡಿತ ಎಂಬ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿನ ನಿಯಮವನ್ನು ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ.

ಈ ಡಿಸೆಂಬರ್‌ನಲ್ಲಿ ಪ್ರತಿಯೊಬ್ಬರ ಉಳಿಕೆಯನ್ನು ಎರಡಾಗಿ ವಿಂಗಡಿಸಿ: ಕೇಳದೆ ಉಳಿದದ್ದು, ಕೇಳಿಯೂ ಸಿಗದೆ ಉಳಿದದ್ದು. ಎರಡೂ ಸಂಖ್ಯೆಗಳನ್ನು ಆ ತಿಂಗಳ ಸಂಬಳದ ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಎರಡನೇ ಸಂಖ್ಯೆ ನಿಮಗೆ ಗೊತ್ತಿಲ್ಲವಾದರೆ ಅವರಿಗೆ ಗೊತ್ತಿರುತ್ತದೆ. ಮತ್ತು ನಿಮ್ಮ ಗೇಟ್ ಪಾಸ್ ಪುಸ್ತಕ ಯಾರ ಹತ್ತಿರ ಇದೆ, ಅದರಲ್ಲಿ ಕಾರ್ಬನ್ ಹಾಳೆ ಇದೆಯೇ ಎಂದು ಇವತ್ತೇ ವಿಚಾರಿಸಿ.